ಏರುವಾಗಿನ ಎಚ್ಚರ: ನೇತ್ರಾಣಿಯ ಆಳಕ್ಕೆ ಹೋಗುವ ತುಮಕೂರು ಸೀಮೆಯ ತರುಣರಿಗೊಂದು ಬಹಿರಂಗ ಪತ್ರ

ತುಮಕೂರು, ಗುಬ್ಬಿ ಮತ್ತು ಕುಣಿಗಲಿನ ಸ್ಕೂಬಾ ಹವ್ಯಾಸಿಗಳಾದ ತರುಣ ತರುಣಿಯರಿಗೆ,



ಮುಂಗಾರಿನ ಅಬ್ಬರ ಅಡಗಿ ಅರಬ್ಬೀ ಸಮುದ್ರದ ನೀರು ತಿಳಿಯಾಗುವ ಹೊತ್ತಿಗೆ, ವಾರದ ಕೊನೆಯ ರಾತ್ರಿಗಳಲ್ಲಿ ನಮ್ಮ ಊರುಗಳಿಂದ ಮುರುಡೇಶ್ವರದ ಕಡೆಗೆ ಹೊರಡುವವರಲ್ಲಿ, ಶಿವದರ್ಶನಕ್ಕೆಂದು ಹೋಗುವ ಹಿರಿಯರ ಜೊತೆಗೆ, ಅಲ್ಲಿಂದ ಮುಂದೆ ದೋಣಿಯೇರಿ ನೇತ್ರಾಣಿ ದ್ವೀಪದ ಸುತ್ತಲಿನ ಆಳವನ್ನು ಕಣ್ಣಾರೆ ಕಾಣಬೇಕೆಂದು ಹಂಬಲಿಸುವ ನೀವೂ ಇರುತ್ತೀರಿ. ನಿಮ್ಮ ಅಜ್ಜಂದಿರು ತೋಟದ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು. ಅಂಥ ಒಳನಾಡಿನ ಮೊಮ್ಮಕ್ಕಳು ಸಮುದ್ರದ ಗರ್ಭವನ್ನು ಹೊಕ್ಕು ಬರುವಷ್ಟು ಧೈರ್ಯವನ್ನೂ ಕುತೂಹಲವನ್ನೂ ತಾಳಿರುವುದು ಈ ಸೀಮೆಯವರಾದ ನಮಗೆಲ್ಲ ಸಂತೋಷದ ಸಂಗತಿಯೇ ಸರಿ. ಆ ಸಂತೋಷದ ಬೆನ್ನಿಗೇ ಒಂದು ಕಳವಳವೂ ಇರುವುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ನೀರಿನಿಂದ ಮೇಲೇರುವಾಗ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ತಂಗುವ ಸೇಫ್ಟಿ ಸ್ಟಾಪಿನಲ್ಲಿ, ಸಾಮಾನ್ಯ ಗಾಳಿಗೆ ಬದಲಾಗಿ ಆಮ್ಲಜನಕ ಹೆಚ್ಚಾಗಿರುವ ಅನಿಲವನ್ನು ಉಸಿರಾಡಿದರೆ ಅಪಾಯ ಕಡಮೆಯಾಗುವುದೆಂಬ ಮಾತು ನಿಮ್ಮಲ್ಲಿ ಹೆಚ್ಚು ಅನುಭವ ಪಡೆದವರ ನಡುವೆ ನಡೆದಿದೆ. ಮಾತು ನಿಜವೇ. ಆದರೆ ಆ ನಿಜಕ್ಕೆ ಎಲ್ಲಿಯವರೆಗೆ ಅಧಿಕಾರವುಂಟು, ಎಲ್ಲಿಂದಾಚೆಗೆ ಇಲ್ಲ ಎಂಬುದನ್ನು ತಿಳಿಯದೆ ಅದನ್ನು ನಂಬುವುದು ಹಿತವಲ್ಲ. ಅದರಲ್ಲಿಯೂ, ಕಡಲಿನಿಂದ ಮನೆಗೆ ಹಿಂದಿರುಗಬೇಕಾದರೆ ಘಟ್ಟವನ್ನೇರಲೇಬೇಕಾದ ನಮ್ಮಂಥವರಿಗೆ ಖಂಡಿತ ಹಿತವಲ್ಲ.

ಮೊದಲು ವಿಷಯದ ಮೂಲವನ್ನು ನೋಡೋಣ. ಸಮುದ್ರದ ಮಟ್ಟದಲ್ಲಿ ನಮ್ಮ ದೇಹದ ಮೇಲಿರುವುದು ಒಂದು ವಾಯುಮಂಡಲದ ಒತ್ತಡ. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಅಷ್ಟೇ ಒತ್ತಡ ಮತ್ತೊಮ್ಮೆ ಸೇರುತ್ತದೆ. ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಭಟ್ಕಳ ತಾಲ್ಲೂಕಿಗೆ ಸೇರಿ ಎದ್ದು ನಿಂತಿರುವ ನೇತ್ರಾಣಿಯ ಬಂಡೆಗಳ ಬಳಿ, ಮೊದಲ ಸಲ ಮುಳುಗುವವರನ್ನು 12 ಮೀಟರಿಗಿಂತ ಕೆಳಗೆ ಕರೆದೊಯ್ಯತಕ್ಕದ್ದಲ್ಲ; ಮೊದಲ ಹಂತದ ಶಿಕ್ಷಣ ಮುಗಿಸಿದವರಿಗೆ 18 ಮೀಟರ್, ಅದರ ಮುಂದಿನ ಹಂತದವರಿಗೆ 30 ಮೀಟರ್ ಮಿತಿ. ಹನ್ನೆರಡರಲ್ಲಿ ಒತ್ತಡ 2.2 ವಾಯುಮಂಡಲ, ಹದಿನೆಂಟರಲ್ಲಿ 2.8, ಮೂವತ್ತರಲ್ಲಿ 4. ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಅದರ ಮೇಲಿನ ಒತ್ತಡಕ್ಕೆ ಅನುಗುಣವಾಗಿರುತ್ತದೆಂದು ಇಂಗ್ಲೆಂಡಿನ ವಿಲಿಯಂ ಹೆನ್ರಿಯು 1803ರಲ್ಲಿಯೇ ತೋರಿಸಿಕೊಟ್ಟನು. ಉಸಿರಿನ ಗಾಳಿಯಲ್ಲಿ ನೂರಕ್ಕೆ 79ರಷ್ಟಿರುವ ಸಾರಜನಕವು ದೇಹಕ್ಕೆ ಯಾವ ಉಪಯೋಗಕ್ಕೂ ಬಾರದುದಾದ್ದರಿಂದ ಅದು ವ್ಯಯವಾಗದೆ ರಕ್ತದಲ್ಲಿಯೂ, ಮಾಂಸಖಂಡದಲ್ಲಿಯೂ, ಕೊಬ್ಬಿನಲ್ಲಿಯೂ, ಸಂಧಿಗಳಲ್ಲಿಯೂ ಕರಗಿ ಸಂಚಯವಾಗುತ್ತದೆ. ಮೇಲೇರುವಾಗ ಒತ್ತಡ ಇಳಿಯುವುದು. ಒಳಗೆ ಸೇರಿದ ಸಾರಜನಕ ಹೊರಗೆ ಹೋಗಬೇಕು. ನಿಧಾನವಾಗಿ ಹೋದರೆ ಶ್ವಾಸಕೋಶದ ಮೂಲಕ ಸದ್ದಿಲ್ಲದೆ ಹೋಗುತ್ತದೆ; ಆತುರಪಟ್ಟರೆ ಅಲ್ಲಲ್ಲಿಯೇ ಗುಳ್ಳೆಗಟ್ಟಿ ನರಗಳನ್ನು ಒತ್ತುತ್ತದೆ, ರಕ್ತದ ದಾರಿಯನ್ನು ಅಡ್ಡಗಟ್ಟುತ್ತದೆ. ಮುಳುಗುಗಾರರು ಬೆಂಡ್ಸ್ ಎಂದು ಕರೆಯುವ ವ್ಯಾಧಿ ಇದೇ.

ಕುಣಿಗಲಿನ ದೊಡ್ಡಕೆರೆಯನ್ನು ಬಲ್ಲ ನಿಮಗೆ ಈ ವ್ಯವಹಾರವನ್ನು ತಿಳಿಸುವುದು ಕಷ್ಟವಲ್ಲ. ತುಂಬಿದ ಕೆರೆಯ ನೀರನ್ನು ತೂಬಿನ ಮೂಲಕ ಅಳತೆಯಲ್ಲಿ ಬಿಟ್ಟರೆ ಗದ್ದೆಗೂ ಕ್ಷೇಮ, ಏರಿಗೂ ಕ್ಷೇಮ. ಒಮ್ಮೆಲೇ ಹೊರಬೀಳಲು ಬಿಟ್ಟರೆ ಏರಿಯೇ ಒಡೆದುಹೋಗುತ್ತದೆ. ತೂಬು ತೆರೆದಿದ್ದರೂ, ಅದರಾಚೆಯ ಕಾಲುವೆ ಮೊದಲೇ ತುಂಬಿ ನಿಂತಿದ್ದರೆ ಕೆರೆಯ ನೀರು ಮಂದವಾಗಿ ಹರಿಯುವುದು. ಕಾಲುವೆ ಬರಿದಾಗಿದ್ದರೆ ಅದೇ ತೂಬಿನಲ್ಲಿ ಅದೇ ನೀರು ರಭಸದಿಂದ ಹರಿಯುವುದು. ಸೇಫ್ಟಿ ಸ್ಟಾಪು ಅಳತೆಯ ತೂಬು. ಆಮ್ಲಜನಕ ಹೆಚ್ಚಿದ ಅನಿಲವು ಆಚೆಯ ಕಾಲುವೆಯನ್ನು ಬರಿದುಮಾಡುವ ಉಪಾಯ. ಏಕೆಂದರೆ ಉಸಿರಿನಲ್ಲಿ ಸಾರಜನಕ ಕಡಮೆಯಾದಷ್ಟೂ ದೇಹದೊಳಗಿನ ಸಾರಜನಕ ಹೊರಕ್ಕೆ ಹೊರಡುವ ವೇಗ ಹೆಚ್ಚುತ್ತದೆ.

ಈ ತಿಳಿವಳಿಕೆ ಒಂದು ದಿನದಲ್ಲಿ ಬಂದುದಲ್ಲ, ಬೆಲೆ ತೆರದೆ ಬಂದುದೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನದಿಯ ತಳದಲ್ಲಿ ಸೇತುವೆಯ ಅಸ್ತಿಭಾರ ಹಾಕಲು ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳೊಳಗೆ ಇಳಿದು ದುಡಿದ ಕೂಲಿಕಾರರು ಮೇಲೆ ಬಂದ ಮೇಲೆ ನೋವಿನಿಂದ ಬಾಗಿ ಬೀಳುತ್ತಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯನ್ನು ಕಟ್ಟಿಸುತ್ತಿದ್ದ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ ಇದೇ ವ್ಯಾಧಿಯಿಂದ ಜರ್ಜರಿತನಾದನು. ಗುಳ್ಳೆಗಳಲ್ಲಿರುವುದು ಸಾರಜನಕವೆಂದೂ, ಆಮ್ಲಜನಕವನ್ನು ಉಸಿರಾಡಿಸುವುದು ಅದಕ್ಕೆ ಪರಿಹಾರವೆಂದೂ ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಪ್ರತಿಪಾದಿಸಿದನು. ಒತ್ತಡದಲ್ಲಿರುವ ಆಮ್ಲಜನಕವೇ ವಿಷವಾಗಬಲ್ಲದೆಂದು ಸಾರಿದವನೂ ಅವನೇ ಎಂಬುದನ್ನು ನೆನಪಿಡಬೇಕು. 1908ರಲ್ಲಿ ಜೆ. ಎಸ್. ಹಾಲ್ಡೇನನು ಬಾಯ್ಕಾಟ್ ಮತ್ತು ಡ್ಯಾಮಂಟ್ ಎಂಬ ಇಬ್ಬರೊಡಗೂಡಿ, ಆಡುಗಳ ಮೇಲೆ ಪರೀಕ್ಷೆ ನಡೆಸಿ, ಹಂತಹಂತವಾಗಿ ನಿಂತು ನಿಂತು ಏರುವ ಕ್ರಮವನ್ನು ರೂಪಿಸಿದನು. ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಸಾರಜನಕವನ್ನು ತುಂಬಿಕೊಳ್ಳುವುದಿಲ್ಲ, ಬಿಡುವುದಿಲ್ಲ ಎಂದರಿತ ಅವನು, ಅರ್ಧದಷ್ಟು ತುಂಬಲು ಅಥವಾ ಖಾಲಿಯಾಗಲು 5, 10, 20, 40, 75 ನಿಮಿಷ ಹಿಡಿಯುವ ಐದು ವರ್ಗಗಳನ್ನು ಕಲ್ಪಿಸಿಕೊಂಡನು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಟಲಿನಾ ದ್ವೀಪದಲ್ಲಿ ಆಂಡ್ರ್ಯೂ ಪಿಲ್ಮಾನಿಸ್ ಎಂಬ ಶಾಸ್ತ್ರಜ್ಞರು ಮುಳುಗಿ ಬಂದವರ ರಕ್ತದಲ್ಲಿ ಹರಿಯುವ ಗುಳ್ಳೆಗಳನ್ನು ಡಾಪ್ಲರ್ ಯಂತ್ರದಿಂದ ಆಲಿಸಿ, ಮೇಲ್ಮೈಗೆ ಸಮೀಪದಲ್ಲಿ ಕೆಲವೇ ನಿಮಿಷ ತಂಗಿದರೂ ಗುಳ್ಳೆಗಳು ಬಹಳ ಮಟ್ಟಿಗೆ ಇಳಿಯುವುವೆಂದು ತೋರಿಸಿದರು. ಇಂದು ನಿಮಗೆ ಕಲಿಸುವ ಸೇಫ್ಟಿ ಸ್ಟಾಪಿನ ಹಿಂದೆ ಇಂಥ ಪರಿಶ್ರಮದ ಪರಂಪರೆಯಿದೆ.

ಈಗ ಲೆಕ್ಕಕ್ಕೆ ಬರುತ್ತೇನೆ. ಐದು ಮೀಟರಿನಲ್ಲಿ ಒತ್ತಡ 1.5 ವಾಯುಮಂಡಲ. ಅಲ್ಲಿ ಸಾಮಾನ್ಯ ಗಾಳಿಯನ್ನು ಉಸಿರಾಡಿದರೆ ಒಳಗೆ ಹೋಗುವ ಸಾರಜನಕದ ಆಂಶಿಕ ಒತ್ತಡ ಸುಮಾರು 1.19. ನೂರಕ್ಕೆ 32 ಆಮ್ಲಜನಕವಿರುವ ನೈಟ್ರಾಕ್ಸ್ ಆದರೆ 1.02. ಅರ್ಧಕ್ಕರ್ಧ ಆಮ್ಲಜನಕವಾದರೆ 0.75. ಶುದ್ಧ ಆಮ್ಲಜನಕವಾದರೆ ಸೊನ್ನೆ. ಸಮುದ್ರದ ದಡದಲ್ಲಿ ನಿಂತು ಉಸಿರಾಡುವ ಗಾಳಿಯಲ್ಲಿ ಇದೇ ಒತ್ತಡ 0.79, ಸುಮಾರು 820 ಮೀಟರ್ ಎತ್ತರದ ನಮ್ಮ ತುಮಕೂರಿನಲ್ಲಿ ಸುಮಾರು 0.72 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಅರ್ಧ ಆಮ್ಲಜನಕದ ಸಿಲಿಂಡರನ್ನು ಹಿಡಿದು ಐದು ಮೀಟರಿನಲ್ಲಿ ತೂಗಾಡುತ್ತಿರುವ ಮುಳುಗುಗಾರನ ಶ್ವಾಸಕೋಶವು, ಸಾರಜನಕದ ಮಟ್ಟಿಗೆ, ಹೆಚ್ಚುಕಡಮೆ ತನ್ನ ಊರಿನ ಗಾಳಿಯನ್ನೇ ಸೇವಿಸುತ್ತಿರುವುದೆಂದು ಹೇಳಬಹುದು. ಅದೂ ನೀರಿನ ಒತ್ತಡ ಗುಳ್ಳೆಗಳನ್ನು ಅದುಮಿ ಹಿಡಿದಿರುವ ಹೊತ್ತಿನಲ್ಲಿ. ಒಳಗಿನ ಸಾರಜನಕಕ್ಕೆ ಹೊರಹೋಗುವ ಒತ್ತಾಸೆ ಹೆಚ್ಚು, ಗುಳ್ಳೆಗಟ್ಟುವ ಅವಕಾಶ ಕಡಮೆ. ಈ ಎರಡು ಅನುಕೂಲಗಳು ಏಕಕಾಲದಲ್ಲಿ ಕೂಡಿಬರುವುದೇ ಈ ಪದ್ಧತಿಯ ಸಾರ.

ಆದರೆ ಕಾಲವೆಂಬುದೊಂದಿದೆ. ಮೂರು ನಿಮಿಷದಲ್ಲಿ, ಹಾಲ್ಡೇನನ ಐದು ನಿಮಿಷದ ವರ್ಗಕ್ಕೆ ಸೇರಿದ ಅಂಗವು ತನ್ನಲ್ಲಿ ಮಿಕ್ಕಿರುವ ಸಾರಜನಕದ ಮೂರರಲ್ಲಿ ಒಂದು ಪಾಲನ್ನು ಕಳೆದುಕೊಂಡೀತು. ಎಪ್ಪತ್ತೈದು ನಿಮಿಷದ ವರ್ಗದ ಅಂಗವಾದರೋ ನೂರಕ್ಕೆ ಮೂರು ಪಾಲನ್ನೂ ಕಳೆದುಕೊಳ್ಳಲಾರದು. ಯಾವ ಅನಿಲವನ್ನು ಉಸಿರಾಡಿದರೂ ಈ ತರತಮ ಅಳಿಯುವುದಿಲ್ಲ. ಬೇಗ ತುಂಬಿ ಬೇಗ ಬರಿದಾಗುವ ರಕ್ತ, ನರ ಮುಂತಾದವುಗಳಿಗೆ ಆಮ್ಲಜನಕದ ಸ್ಟಾಪು ನಿಜವಾಗಿ ಉಪಕಾರಿ. ಮಂದಗತಿಯ ಅಂಗಗಳಿಗೆ ಬೇಕಾದುದು ಗಂಟೆಗಟ್ಟಲೆಯ ವಿಶ್ರಾಂತಿ. ಮಿತಿಯನ್ನು ಮೀರಿ ಆಳದಲ್ಲಿ ಕಾಲ ಕಳೆದು, ಕೊನೆಯ ಮೂರು ನಿಮಿಷದ ಆಮ್ಲಜನಕ ಎಲ್ಲವನ್ನೂ ತೊಳೆದುಬಿಡುವುದೆಂದು ಭಾವಿಸುವವನು ಅನಿಲವನ್ನು ಅನಿಲವೆಂದು ನೋಡದೆ ತೀರ್ಥವೆಂದು ನೋಡುತ್ತಿದ್ದಾನೆ.

ಇನ್ನು ಆಮ್ಲಜನಕದ ಉಗ್ರರೂಪ. ಮೇಲೆ ಹೇಳಿದ ಹಾಲ್ಡೇನನ ಮಗ ಜೆ. ಬಿ. ಎಸ್. ಹಾಲ್ಡೇನ್, 1957ರಲ್ಲಿ ನಮ್ಮ ದೇಶಕ್ಕೆ ಬಂದು ನೆಲಸಿ ಭಾರತದ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ದೇಹಬಿಟ್ಟ ಮಹಾವಿಜ್ಞಾನಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಒತ್ತಡದ ಕೊಠಡಿಯೊಳಗೆ ತಾನೇ ಕುಳಿತು, ಆಮ್ಲಜನಕದ ವಿಷವು ನರಮಂಡಲವನ್ನು ಹೇಗೆ ಕೆರಳಿಸಿ ಸೆಳವು ತರುವುದೆಂಬುದನ್ನು ಸ್ವಂತ ದೇಹದ ಮೇಲೆ ಪರೀಕ್ಷಿಸಿಕೊಂಡರು. ತಂದೆ ನಿಧಾನವಾಗಿ ಏರುವುದನ್ನು ಕಲಿಸಿದನು. ಮಗ ಆಮ್ಲಜನಕಕ್ಕೆ ಅಂಜುವುದನ್ನು ಕಲಿಸಿದರು. ಭೂಮಿಯ ಮೇಲೆ ಸೆಳವು ಬಂದರೆ ಬದುಕಿಸಬಹುದು. ನೀರಿನೊಳಗೆ ಬಂದರೆ ಬಾಯಿಯ ರೆಗ್ಯುಲೇಟರ್ ಜಾರುತ್ತದೆ, ಮನುಷ್ಯ ಮುಳುಗಿ ಸಾಯುತ್ತಾನೆ. ಆದ್ದರಿಂದಲೇ ಆಮ್ಲಜನಕದ ಆಂಶಿಕ ಒತ್ತಡವು ಈಜಾಡುವಾಗ 1.4ನ್ನೂ, ನಿಶ್ಚಲವಾಗಿ ತಂಗಿರುವಾಗ 1.6ನ್ನೂ ದಾಟಬಾರದೆಂಬ ಕಟ್ಟಳೆ. ಈ ಕಟ್ಟಳೆಯಂತೆ, ತಂಗಿರುವಾಗ ಶುದ್ಧ ಆಮ್ಲಜನಕಕ್ಕೆ ಮಿತಿ 6 ಮೀಟರ್, ಅರ್ಧ ಆಮ್ಲಜನಕಕ್ಕೆ 22 ಮೀಟರ್; ಈಜಾಡುವಾಗ ನೂರಕ್ಕೆ 32ರ ನೈಟ್ರಾಕ್ಸಿಗೆ ಸುಮಾರು 34 ಮೀಟರ್.

ಆರು ಮೀಟರ್ ಎಂಬುದನ್ನು ಕಾಗದದ ಮೇಲೆ ಬರೆಯುವುದು ಸುಲಭ. ನೇತ್ರಾಣಿಯ ಬಳಿ ಲಂಗರಿನ ಹಗ್ಗವನ್ನು ಹಿಡಿದು ತಂಗಿದವರಿಗೆ ಅದರ ಕಷ್ಟ ಗೊತ್ತು: ಅಲೆಯೇರಿದಾಗ ಮೇಲಿನ ದೋಣಿ ಹಗ್ಗವನ್ನು ಜಗ್ಗುತ್ತದೆ, ಇಳಿದಾಗ ಸಡಿಲಿಸುತ್ತದೆ, ಕೈ ಹಗ್ಗದೊಡನೆ ಹೋಗುತ್ತದೆ, ದೇಹ ನೀರಿನ ಸೆಳವಿನೊಡನೆ ಬಾವುಟದಂತೆ ಅಡ್ಡಲಾಗುತ್ತದೆ, ಮಣಿಕಟ್ಟಿನ ಕಂಪ್ಯೂಟರಿನಲ್ಲಿ ಐದು ಎಂದಿದ್ದುದು ನಾಲ್ಕಾಗಿ, ಮರುಕ್ಷಣ ಆರೂವರೆಯಾಗಿ ಕುಣಿಯುತ್ತದೆ. ಇಂಥ ನೀರಿನಲ್ಲಿ ತೇಲುವಿಕೆಯ ಹತೋಟಿ ಸಾಧಿಸದವನ ಬಾಯಿಗೆ ಶುದ್ಧ ಆಮ್ಲಜನಕ ಕೊಡುವುದು ಉಪಕಾರದ ಹೆಸರಿನಲ್ಲಿ ಅಪಕಾರ. ಇದಲ್ಲದೆ, ಎರಡನೆಯ ಸಿಲಿಂಡರೊಂದು ಬಂದೊಡನೆ ಎರಡನೆಯ ತಪ್ಪಿಗೂ ಎಡೆಯಾಗುತ್ತದೆ: ಆಳದಲ್ಲಿ ಕೈತಪ್ಪಿ ಅದರ ರೆಗ್ಯುಲೇಟರನ್ನು ಬಾಯಿಗಿಟ್ಟುಕೊಂಡವರು ಪ್ರಾಣ ಕಳೆದುಕೊಂಡ ದುರಂತಗಳು ಈ ವಿದ್ಯೆಯ ಇತಿಹಾಸದಲ್ಲಿ ಸಾಕಷ್ಟಿವೆ. ಆದುದರಿಂದ ಸಿಲಿಂಡರಿನ ಮೇಲೆ ಅನಿಲದ ಪ್ರಮಾಣವನ್ನೂ ಗರಿಷ್ಠ ಆಳವನ್ನೂ ದೊಡ್ಡ ಅಕ್ಷರದಲ್ಲಿ ಬರೆದಿರಬೇಕು; ಉಸಿರಾಡುವವನೇ ತನ್ನ ಕೈಯಾರೆ ಅನಲೈಜರಿನಿಂದ ಅಳೆದು ನೋಡಿ ಸಹಿ ಹಾಕಬೇಕು. ನೂರಕ್ಕೆ ನಲವತ್ತನ್ನು ಮೀರಿದ ಆಮ್ಲಜನಕ ಹರಿಯುವ ಸಲಕರಣೆಗಳಲ್ಲಿ ಎಣ್ಣೆಯ ಜಿಡ್ಡಿನ ಸುಳಿವೂ ಇರಕೂಡದು, ಇದ್ದರೆ ಬೆಂಕಿಯ ಭಯವುಂಟು.

ಇಷ್ಟನ್ನೆಲ್ಲ ಕೇಳಿ, ಹಾಗಾದರೆ ನಾವು ಮಾಡತಕ್ಕದ್ದೇನು ಎಂದು ನೀವು ಕೇಳುವುದು ನ್ಯಾಯ. ನಿಮ್ಮಲ್ಲಿ ಬಹುಮಂದಿ ಮೊದಲ ಸಲ, ಬೋಧಕರ ಕೈಹಿಡಿದು, ಹನ್ನೆರಡು ಮೀಟರಿನ ಒಳಗೆ ಸ್ವಲ್ಪ ಹೊತ್ತು ಇದ್ದು ಬರುವವರು. ನಿಮಗೆ ಆಮ್ಲಜನಕದ ಸ್ಟಾಪಿನಿಂದ ದೊರೆಯುವ ಹೆಚ್ಚಿನ ಲಾಭ ಅತ್ಯಲ್ಪ. ನಿಧಾನವಾದ ಏರಿಕೆ, ಉಸಿರು ಕಟ್ಟದೆ ಏರುವುದು, ಇವೇ ನಿಮ್ಮ ರಕ್ಷೆ. ಶಿಕ್ಷಣ ಪಡೆದು, ದಿನಕ್ಕೆ ಎರಡು ಮೂರು ಸಲ, ಎರಡು ಮೂರು ದಿನ ಮುಳುಗುವವರಿಗೆ ನನ್ನ ಸೂಚನೆಯೇನೆಂದರೆ, ಕೊನೆಯ ಮೂರು ನಿಮಿಷಕ್ಕೆಂದು ಬೇರೆ ಸಿಲಿಂಡರು ಹೊರುವುದಕ್ಕಿಂತ, ನೈಟ್ರಾಕ್ಸಿನ ಶಿಕ್ಷಣವನ್ನು ಮುಗಿಸಿ, ಅದು ದೊರೆಯುವ ಕಡೆ ಇಡೀ ಮುಳುಗಿಗೆ ನೂರಕ್ಕೆ 32ರ ಒಂದೇ ಸಿಲಿಂಡರನ್ನು ಬಳಸಿ, ಕಾಲದ ಲೆಕ್ಕವನ್ನು ಮಾತ್ರ ಸಾಮಾನ್ಯ ಗಾಳಿಯದೆಂಬಂತೆಯೇ ಹಿಡಿಯುವುದು ಲೇಸು. ಹಾಗೆ ಮಾಡಿದರೆ 18 ಮೀಟರಿನಲ್ಲಿ ದೇಹಕ್ಕೆ ಸೇರುವ ಸಾರಜನಕವು ಗಾಳಿ ಉಸಿರಾಡಿ 14 ಮೀಟರಿನಲ್ಲಿದ್ದವನಷ್ಟು. ಐದು ಮೀಟರಿನ ಸ್ಟಾಪಿನಲ್ಲಿ, ಮೂರು ಮೀಟರಿನಲ್ಲಿದ್ದವನಷ್ಟು. ತೀರಿಸುವ ಸಾಲಕ್ಕಿಂತ ಮಾಡದ ಸಾಲ ಮೇಲು. ಅರ್ಧ ಆಮ್ಲಜನಕ, ಶುದ್ಧ ಆಮ್ಲಜನಕಗಳನ್ನು ಅವಕ್ಕೆಂದೇ ಏರ್ಪಟ್ಟ ಟೆಕ್ನಿಕಲ್ ಶಿಕ್ಷಣ ಪಡೆದವರಿಗೆ ಬಿಡುವುದು ವಿವೇಕ.

ಈಗ, ಈ ಪತ್ರಕ್ಕೆ ಮುಖ್ಯ ಕಾರಣವಾದ ಮಾತನ್ನು ಹೇಳುತ್ತೇನೆ. ತೀರದಲ್ಲಿಯೇ ಮನೆಯಿರುವ ಭಟ್ಕಳದವನ ಏರಿಕೆ ದೋಣಿಯನ್ನು ಹತ್ತಿದಾಗ ಮುಗಿಯಿತು; ನಿಮ್ಮ ಏರಿಕೆ ಮುಗಿಯುವುದು ಮನೆಯ ಹೊಸಲಿನಲ್ಲಿ. ಹೊನ್ನಾವರದಿಂದ ಹೊರಟು ಗೇರುಸೊಪ್ಪೆಯ ಘಟ್ಟವನ್ನೇರಿ, ಸಾಗರ, ಶಿವಮೊಗ್ಗ, ಕಡೂರು, ಅರಸೀಕೆರೆ, ತಿಪಟೂರುಗಳನ್ನು ಹಾದು, ಗುಬ್ಬಿಯನ್ನು ಮುಟ್ಟಿ ತುಮಕೂರಿನಲ್ಲಿ ಕೊನೆಗಾಣುವ ಸುಮಾರು 360 ಕಿಲೋಮೀಟರಿನ ದಾರಿಯು ಸಮುದ್ರಮಟ್ಟದಲ್ಲಿ ಆರಂಭವಾಗಿ ಸುಮಾರು 820 ಮೀಟರಿನಲ್ಲಿ ನಿಲ್ಲುತ್ತದೆ. ಸುಬ್ರಹ್ಮಣ್ಯದ ಕಡೆಯಿಂದ ಘಟ್ಟವನ್ನೇರಿ ಸಕಲೇಶಪುರ, ಹಾಸನಗಳ ಮೂಲಕ ಕುಣಿಗಲಿಗೆ ಬರುವ ರೈಲಿನ ದಾರಿ ನಡುವೆ 900 ಮೀಟರನ್ನು ದಾಟಿ ಇಳಿಯುತ್ತದೆ. ಈ ಎತ್ತರದಲ್ಲಿ ವಾಯುಮಂಡಲದ ಒತ್ತಡ ತೀರಕ್ಕಿಂತ ನೂರಕ್ಕೆ ಒಂಬತ್ತು ಹತ್ತರಷ್ಟು ಕಡಮೆ. ಅಂದರೆ ಬಸ್ಸಿನಲ್ಲಿ ತೂಕಡಿಸುತ್ತಾ ಕುಳಿತವನ ದೇಹವು ಅರಿವಿಲ್ಲದೆಯೇ ಎರಡನೆಯ ಸಲ ಮೇಲೇರುತ್ತಿದೆ; ಮಂದಗತಿಯ ಅಂಗಗಳಲ್ಲಿ ಉಳಿದ ಸಾರಜನಕಕ್ಕೆ ಗುಳ್ಳೆಗಟ್ಟಲು ಮತ್ತೊಂದು ಅವಕಾಶ ಒದಗುತ್ತಿದೆ. ಮುಳುಗುಗಾರರ ಆರೋಗ್ಯಕ್ಕೆಂದು ದುಡಿಯುವ ಡಾನ್ ಸಂಸ್ಥೆಯವರು 2002ರಲ್ಲಿ ತಜ್ಞರನ್ನು ಕೂಡಿಸಿ, ಒಂದೇ ಒಂದು ಮುಳುಗಾದರೆ 12 ಗಂಟೆ, ಹಲವು ಮುಳುಗು ಅಥವಾ ಹಲವು ದಿನಗಳಾದರೆ 18 ಗಂಟೆ ಕಳೆಯದೆ ವಿಮಾನವೇರಬಾರದೆಂದು ಸೂಚಿಸಿದರು. ಆ ಸೂಚನೆ ಅನ್ವಯಿಸುವ ಎತ್ತರ ಸುಮಾರು 600 ಮೀಟರಿನಿಂದ ಆರಂಭ. ನಮ್ಮ ಮೂರು ಊರುಗಳೂ ಆ ಗೆರೆಯ ಮೇಲಿವೆ. ಪರ್ವತಸರೋವರಗಳ ನಾಡಾದ ಸ್ವಿಟ್ಜರ್ಲೆಂಡಿನ ಜೂರಿಕ್ಕಿನಲ್ಲಿ ಆಲ್ಬರ್ಟ್ ಬ್ಯೂಲ್ಮನ್ನರು ಎತ್ತರಕ್ಕೂ ಮುಳುಗಿಗೂ ಇರುವ ಸಂಬಂಧವನ್ನು ಜೀವಮಾನದ ಅಧ್ಯಯನ ಮಾಡಿದರು. ನಿಮ್ಮ ಕಂಪ್ಯೂಟರುಗಳಲ್ಲಿ ಹಲವು ಅವರ ಗಣಿತವನ್ನೇ ಅನುಸರಿಸುತ್ತವೆ. ಬೆಟ್ಟದ ನಾಡಿನವರು ಯೋಚಿಸಿದುದನ್ನು ಘಟ್ಟದ ಮೇಲಿನ ನಾವೂ ಯೋಚಿಸಬೇಕು.

ಹನ್ನೆರಡು ಗಂಟೆಯ ಕಾಲವು ಎಪ್ಪತ್ತೈದು ನಿಮಿಷದ ವರ್ಗದ ಅಂಗಕ್ಕೆ ಒಂಬತ್ತಕ್ಕೂ ಹೆಚ್ಚು ಅರ್ಧಾವಧಿಗಳು. ಅಷ್ಟರಲ್ಲಿ ಅದರ ಹೆಚ್ಚುವರಿ ಹೆಸರಿಗೆ ಮಾತ್ರ ಉಳಿದಿರುತ್ತದೆ. ಮೂರು ನಿಮಿಷದ ಆಮ್ಲಜನಕ ಮಾಡಲಾಗದುದನ್ನು ಮುರುಡೇಶ್ವರದ ಒಂದು ರಾತ್ರಿಯ ನಿದ್ರೆ ಮಾಡುತ್ತದೆ. ಭಾನುವಾರ ಮಧ್ಯಾಹ್ನ ನೀರಿನಿಂದೆದ್ದು ಅಂದೇ ಸಂಜೆ ಬಸ್ಸು ಹಿಡಿಯುವ ಏರ್ಪಾಡನ್ನು ಬಿಡಿ. ಶನಿವಾರ ಬೆಳಗ್ಗೆ ಮುಳುಗಿ, ರಾತ್ರಿ ತೀರದಲ್ಲಿ ತಂಗಿ, ಭಾನುವಾರ ಇಡಗುಂಜಿಯ ಗಣಪತಿಯನ್ನೋ ಅಪ್ಸರಕೊಂಡವನ್ನೋ ಭಟ್ಕಳದ ಹಳೆಯ ಬಸದಿಗಳನ್ನೋ ನೋಡಿಕೊಂಡು ಸಂಜೆ ಘಟ್ಟವೇರಿ. ಜೋಗವನ್ನು ನೋಡುವ ಆಸೆಯಿದ್ದರೆ ಹೋಗುವಾಗಲೇ ನೋಡಿ. ಅದು ಘಟ್ಟದ ಮೇಲಿನದು, ಬರುವ ದಾರಿಯಲ್ಲಿ ಮುಳುಗಿದ ದಿನವೇ ನೋಡತಕ್ಕದ್ದಲ್ಲ. ಕಡಮೆ ಆಳದ ಒಂದು ಮುಳುಗಿನಿಂದ ಬರುವ ಅಪಾಯ ಅಲ್ಪವೆಂಬುದು ನಿಜ. ಆದರೆ ಅದನ್ನು ತಪ್ಪಿಸಲು ತೆರಬೇಕಾದ ಬೆಲೆಯೂ ಒಂದು ರಾತ್ರಿಯ ಬಾಡಿಗೆಯಷ್ಟೇ.

ಎಲ್ಲ ಎಚ್ಚರದ ಮೇಲೆಯೂ ಭುಜ, ಮೊಣಕೈ, ಮಂಡಿಗಳಲ್ಲಿ ಕಾರಣವಿಲ್ಲದ ನೋವು, ಚರ್ಮದ ಮೇಲೆ ತುರಿಕೆ ಅಥವಾ ಕಲೆ, ಕೈಕಾಲು ಜೋಮು, ಬಲಹೀನತೆ, ತಲೆಸುತ್ತು, ಮೂತ್ರಕಟ್ಟು ಕಾಣಿಸಿಕೊಂಡರೆ, ಅದನ್ನು ಬಸ್ಸಿನ ಆಯಾಸವೆಂದು ತಳ್ಳಿಹಾಕಬೇಡಿ. ಬಹುಮಟ್ಟಿಗೆ ಲಕ್ಷಣಗಳು ಮೊದಲ ಕೆಲವು ಗಂಟೆಗಳಲ್ಲಿ ತೋರುತ್ತವೆ. ಒಂದು ದಿನ ಕಳೆದು ತೋರುವುದೂ ಉಂಟು. ರೋಗಿಯನ್ನು ಮಲಗಿಸಿ, ಮುಖವಾಡದ ಮೂಲಕ ಶುದ್ಧ ಆಮ್ಲಜನಕವನ್ನು ಕೊಡಬೇಕು. ಭೂಮಿಯ ಮೇಲೆ ಅದು ಔಷಧ, ಅಲ್ಲಿ ಅದಕ್ಕೆ ಆಳದ ಭಯವಿಲ್ಲ. ತೀರದಲ್ಲಿದ್ದರೆ ಘಟ್ಟವೇರಿಸಕೂಡದು, ಮತ್ತೆ ನೀರಿಗಿಳಿಸಿ ಸರಿಪಡಿಸುವ ಸಾಹಸವಂತೂ ಎಂದಿಗೂ ಕೂಡದು. ಊರಿಗೆ ಬಂದ ಮೇಲೆ ಲಕ್ಷಣ ಕಂಡರೆ, ವೈದ್ಯರಿಗೆ ನೀವು ಹೇಳಬೇಕಾದ ಮೊದಲ ಮಾತು ಸಮುದ್ರದಲ್ಲಿ ಮುಳುಗಿ ಬಂದೆವೆಂಬುದು. ಒಳನಾಡಿನ ವೈದ್ಯರು ಅದನ್ನು ತಾವಾಗಿ ಊಹಿಸಲಾರರು. ಇದರ ನಿಜವಾದ ಚಿಕಿತ್ಸೆ ನಡೆಯುವುದು ಒತ್ತಡದ ಕೊಠಡಿಯಲ್ಲಿ, 18 ಮೀಟರ್ ಆಳದ ಒತ್ತಡಕ್ಕೆ ಮತ್ತೆ ಒಯ್ದು ಆಮ್ಲಜನಕವನ್ನು ಉಸಿರಾಡಿಸುತ್ತಾ ಸುಮಾರು ಐದು ಗಂಟೆಯ ಕಾಲ. ಹತ್ತಿರದ ಕೊಠಡಿ ಎಲ್ಲಿದೆ, ದೋಣಿಯಲ್ಲಿ ಆಮ್ಲಜನಕದ ಪೆಟ್ಟಿಗೆಯಿದೆಯೇ, ಅದರಲ್ಲಿ ಅನಿಲ ತುಂಬಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಹಣ ಕಟ್ಟುವುದಕ್ಕೆ ಮೊದಲೇ ಕೇಳಿ. ಸಂಕೋಚಪಡಬೇಡಿ, ಒಳ್ಳೆಯ ಬೋಧಕನು ಆ ಪ್ರಶ್ನೆಯಿಂದ ಸಂತೋಷಪಡುತ್ತಾನೆ.

ಮಿತ್ರರೇ, ಸಾಹಸವನ್ನು ನಾನು ತಡೆಯುತ್ತಿಲ್ಲ. ಹೋಗಿ, ಇಳಿಯಿರಿ, ನೋಡಿ ಬನ್ನಿ. ಆಮ್ಲಜನಕವೆಂಬ ಸಹಾಯ ನಿಮಗೆ ದೊರೆಯುವಂತಿದ್ದರೆ ಕಲಿತು ಬಳಸಿ. ಆದರೆ ಅದರ ಬಲದಿಂದ ಆಳವನ್ನು ಒಂದು ಮೀಟರ್ ಹೆಚ್ಚಿಸಬೇಡಿ, ತಂಗುವಿಕೆಯನ್ನು ಒಂದು ನಿಮಿಷ ಇಳಿಸಬೇಡಿ, ತೀರದ ರಾತ್ರಿಯನ್ನು ಕೈಬಿಡಬೇಡಿ. ನಿಮ್ಮ ಗುಂಪಿನಲ್ಲಿ ಪ್ರವಾಸದ ಪಟ್ಟಿ ಸಿದ್ಧಪಡಿಸುವ ಹೊಣೆ ಹೊತ್ತವರು ಯಾರೋ, ಅವರು ಮುಂದಿನ ಸಲ ಟಿಕೆಟ್ಟು ಕಾಯ್ದಿರಿಸುವಾಗ ಮರಳುವ ದಿನವನ್ನು ಮೊದಲು ಗೊತ್ತುಮಾಡಿ, ಅದರಿಂದ ಹಿಂದಕ್ಕೆ ಹದಿನೆಂಟು ಗಂಟೆ ಎಣಿಸಿ, ಆಮೇಲೆ ಮುಳುಗುವ ಹೊತ್ತನ್ನು ನಿಶ್ಚಯಿಸಲಿ. ಈ ಒಂದು ರೂಢಿಯನ್ನು ನಮ್ಮ ಸೀಮೆಯವರು ಬೆಳೆಸಿಕೊಂಡರೆ ಈ ಪತ್ರ ಬರೆದುದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.

ಇತಿ,
ನಿಮ್ಮ ಕ್ಷೇಮವನ್ನು ಬಯಸುವ,
ತುಮಕೂರಿನ ಓರ್ವ ಹಿತೈಷಿ